ಲೆಗ್ ಸ್ಟಂಪಿನಿಂದ ನಾಲ್ಕು ಬೆರಳು

ಅಂಪೈರ್ ಕೆಲಸ ಕಲಿಯಲು ಬರುವವರು ಮೊದಲು ಕೇಳುವುದು ಎಲ್‌ಬಿಡಬ್ಲ್ಯು ಬಗ್ಗೆ. ಆಮೇಲೆ ನೋ ಬಾಲ್ ಬಗ್ಗೆ. ಗಾರ್ಡ್ ಕೊಡುವುದು ಹೇಗೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಅದರಲ್ಲೇನು ಮಹಾ? ಬ್ಯಾಟ್ಸ್‌ಮನ್ ಬಂದು ಕ್ರೀಸಿನ ಮೇಲೆ ಬ್ಯಾಟನ್ನು ನೆಟ್ಟಗೆ ಹಿಡಿದು ‘ಲೆಗ್ ಸ್ಟಂಪ್ ಸಾರ್’ ಅನ್ನುತ್ತಾನೆ. ಬೌಲರ್ ತುದಿಯಲ್ಲಿ ನಿಂತ ನಾವು ಕೈಯನ್ನು ಆ ಕಡೆ ಈ ಕಡೆ ಆಡಿಸಿ, ಬ್ಯಾಟು ಅವನ ಹಿಂದಿನ ಲೆಗ್ ಸ್ಟಂಪಿಗೆ ನೇರವಾದಾಗ ‘ಸರಿ’ ಅನ್ನುತ್ತೇವೆ. ಅವನು ಅಲ್ಲೊಂದು ಗೆರೆ ಎಳೆದುಕೊಳ್ಳುತ್ತಾನೆ. ಆ ಗೆರೆಯಿಂದಲೇ ತನ್ನ ಆಫ್ ಸ್ಟಂಪ್ ಎಲ್ಲಿದೆ ಎಂದು ಲೆಕ್ಕ ಹಾಕುತ್ತಾನೆ. ಯಾವ ಚೆಂಡನ್ನು ಆಡಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುತ್ತಾನೆ. ಹಿಂದೆ ಇರುವ ಸ್ಟಂಪು ಅವನಿಗೆ ಕಾಣುವುದಿಲ್ಲವಲ್ಲ, ನಮ್ಮ ಮಾತೇ ಅವನ ಕಣ್ಣು. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ನನ್ನನ್ನು ಆರು ವರ್ಷ ಕಾಡಿತು, ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ನಂಜುಂಡನ್. ಕಿಣತ್ತುಕಡವಿನ ಹತ್ತಿರದ ಬೇಸಾಯದ ಮನೆ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹೊಟ್ಟೆಪಾಡಿಗೆ ಕೊಯಮತ್ತೂರಿನ ಒಂದು ಪಂಪ್‌ಸೆಟ್ ಕಾರ್ಖಾನೆಯ ಸ್ಟೋರಿನಲ್ಲಿದ್ದೆ, ಭಾನುವಾರ ಬಂತೆಂದರೆ ಬಿಳಿ ಕೋಟು. ಕನ್ನಡ ಅಕ್ಷರ ನನಗೆ ನಲವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಕಲಿಸಿದವಳು ನನ್ನ ಹೆಂಡತಿ ಗಿರಿಜಾ, ಚಾಮರಾಜನಗರದ ಕಡೆಯವಳು. ಈ ಬರಹದ ಒತ್ತಕ್ಷರಗಳೆಲ್ಲ ಸರಿಯಾಗಿದ್ದರೆ ಅದು ಅವಳ ಪುಣ್ಯ.

ನಮ್ಮ ಕೊಯಮತ್ತೂರಿನ ಸುತ್ತಮುತ್ತ ಪಿಚ್ಚುಗಳು ಒಂದೊಂದು ಊರಿಗೆ ಒಂದೊಂದು ಥರ, ಗಾರ್ಡ್ ಗುರುತು ಮಾಡುವುದೂ ಹಾಗೆಯೇ. ಹುಲ್ಲಿನ ಪಿಚ್ಚಿನಲ್ಲಿ ಶೂ ಮೊಳೆಯಿಂದ ಗೀರುತ್ತಾರೆ. ಕೆಲವರು ಸ್ಟಂಪಿನ ಮೇಲಿನ ಬೇಲ್ ಎತ್ತಿಕೊಂಡು ಅದರ ತುದಿಯನ್ನು ಬ್ಯಾಟಿನ ಹಿಡಿಯಿಂದ ಕುಟ್ಟಿ ತೂತು ಮಾಡುತ್ತಾರೆ. ಬಿಟ್ಟರೆ ಬಾವಿ ತೋಡುವ ಮಹಾನುಭಾವರೂ ಉಂಟು, ತಡೆಯಬೇಕು. ಕೆಮ್ಮಣ್ಣಿನ ಪಿಚ್ಚಿನಲ್ಲಿ ಗೀರಿದ್ದು ಹತ್ತು ಓವರಿನಲ್ಲಿ ಧೂಳು ತುಂಬಿ ಮಾಯ. ಮಧ್ಯಾಹ್ನದ ಹೊತ್ತಿಗೆ ಯಾರ ಗೆರೆ ಯಾರದೋ ಗೊತ್ತಾಗದೆ ಬ್ಯಾಟ್ಸ್‌ಮನ್ ಮತ್ತೆ ಮತ್ತೆ ಕೇಳುತ್ತಾನೆ. ಕೇಳಿದಷ್ಟು ಸಲವೂ ಕೊಡಬೇಕು, ಸಿಡುಕಬಾರದು. ಸಿಮೆಂಟಿನ ಮೇಲೆ ಚಾಕ್, ಇಲ್ಲದಿದ್ದರೆ ಇಟ್ಟಿಗೆ ಚೂರು. ತೆಂಗಿನ ನಾರಿನ ಮ್ಯಾಟಿನ ಮೇಲೆ ಮಾತ್ರ ಯಾವುದೂ ನಿಲ್ಲುವುದಿಲ್ಲ. ಚಾಕ್ ಉಜ್ಜಿದರೆ ನಾರಿನೊಳಗೆ ಇಳಿದು ಹೋಗುತ್ತದೆ.

ನನಗೆ ಕೆಲಸ ಕಲಿಸಿದ ದೊರೈರಾಜ್ ಸಾರ್ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ನಮ್ಮನ್ನೂ ಐದನೇ ಕ್ಲಾಸಿನವರಂತೆಯೇ ನೋಡುತ್ತಿದ್ದರು. ಒಮ್ಮೆ ಜೂನ್ ತಿಂಗಳ ಗಾಳಿಗೆ, ಪಾಲ್ಘಾಟ್ ಕಣಿವೆಯಿಂದ ನುಗ್ಗುವ ಆ ಗಾಳಿಗೆ, ಬೇಲ್ ಹಾರಿ ಬಿದ್ದದ್ದನ್ನು ನೋಡಿ ನಾನು ಬೌಲ್ಡ್ ಎಂದು ಬೆರಳೆತ್ತಿದೆ. ಬೌಲರ್ ಇನ್ನೂ ಓಡಲು ಶುರುವೇ ಮಾಡಿರಲಿಲ್ಲ. ದೊರೈರಾಜ್ ಸಾರ್ ಸ್ಕ್ವೇರ್ ಲೆಗ್ಗಿನಿಂದ ನಡೆದು ಬಂದು, ಇಡೀ ಮೈದಾನದ ಎದುರು ನನ್ನ ಬೆರಳನ್ನು ಹಿಡಿದು ಕೆಳಗಿಳಿಸಿದರು. ಆ ನಗು ಇನ್ನೂ ಕಿವಿಯಲ್ಲಿದೆ. ಅಂದು ಸಂಜೆ ಟೀ ಕುಡಿಯುವಾಗ ಅವರು ಅಂದರು:

“ತಪ್ಪು ಮಾಡಿದ್ದಕ್ಕೆ ಬೈತಿಲ್ಲಯ್ಯಾ. ಬೆರಳು ನೀನೇ ಇಳಿಸಬೇಕಾಗಿತ್ತು. ನಾನು ಬರೋವರೆಗೂ ಯಾಕೆ ಕಾದೆ?”

ನಿಜ ಹೇಳುವುದಾದರೆ ನನಗೆ ಆ ಕಾಯಿಲೆ ಆಮೇಲೂ ವಾಸಿಯಾಗಲಿಲ್ಲ.

ಸಿಂಗಾನಲ್ಲೂರಿನ ಒಂದು ಮಿಲ್ಲಿನ ಹಿಂದೆ ಮ್ಯಾಟ್ ಹಾಸುವ ಮೈದಾನವಿತ್ತು. ಮಿಲ್ಲು ಬಾಗಿಲು ಮುಚ್ಚಿತ್ತು, ಮೈದಾನವನ್ನು ಆರುಮುಗಂ ಅನ್ನುವ ಹಳೆಯ ಕೆಲಸಗಾರರು ನೋಡಿಕೊಳ್ಳುತ್ತಿದ್ದರು. ನಾರಿನ ಮೇಲೆ ಚಾಕ್ ನಿಲ್ಲದು ಎಂದು ಅಲ್ಲೊಂದು ಪದ್ಧತಿ ಮಾಡಿಕೊಂಡಿದ್ದರು. ಮ್ಯಾಟಿನ ಎರಡೂ ತುದಿಯ ಕ್ರೀಸಿನ ಮೇಲೆ ಬಿಳಿ ಪೇಂಟಿನಲ್ಲಿ ಮೂರು ಚುಕ್ಕೆ: ಲೆಗ್, ಮಿಡಲ್, ಆಫ್. ಬ್ಯಾಟ್ಸ್‌ಮನ್ ಚುಕ್ಕೆಯ ಮೇಲೆ ಬ್ಯಾಟಿಟ್ಟಾಗ ಅಂಪೈರ್ ತಲೆಯಾಡಿಸಿದರೆ ಸಾಕು. ನಮಗೆಲ್ಲ ಬಹಳ ಹಿಡಿಸಿತ್ತು. ಮೂಗು ಮುರಿದವರು ದೊರೈರಾಜ್ ಸಾರ್ ಒಬ್ಬರೇ. “ಗಾರ್ಡ್ ಕೊಡೋದು ಸ್ಟಂಪ್ ನೋಡಿ, ಪೇಂಟ್ ನೋಡಿ ಅಲ್ಲ” ಅನ್ನುತ್ತಿದ್ದರು. ಮುದುಕರ ಹಟ ಎಂದು ನಾವು ಬೆನ್ನ ಹಿಂದೆ ನಕ್ಕೆವು.

ಎರಡು ಸಾವಿರ ದಾಟಿದ ಹೊಸತು. ಆ ಮೈದಾನದಲ್ಲಿ ಒಂದು ಆಯ್ಕೆ ಪಂದ್ಯ ನಡೆಯಿತು. ಒಂದು ಕಂಪನಿಯ ತಂಡಕ್ಕೆ ಒಬ್ಬ ಓಪನರ್ ಬೇಕಾಗಿದ್ದ. ಆಯ್ಕೆಯಾದವನಿಗೆ ಕಂಪನಿಯಲ್ಲಿ ಖಾಯಂ ಕೆಲಸ. ಬೆಳಿಗ್ಗೆ ಟೀ ಅಂಗಡಿಯಲ್ಲಿ ಮುರುಗೇಶ ಎನ್ನುವವನು ನಾನು ಫೋನಿನಲ್ಲಿ ಮನೆಯ ಮಾತು ಆಡುವುದನ್ನು ಕೇಳಿ ಹತ್ತಿರ ಬಂದ. ಇಪ್ಪತ್ತೊಂದು ವರ್ಷ, ಎತ್ತರದ ಆಳು.

“ಸಾರ್, ನೀವೂ ಕನ್ನಡವಾಂಗ? ನಮ್ಮನೇಲೂ ಅದೇ. ಅಪ್ಪ ಈ ಮಿಲ್ಲಲ್ಲೇ ಇದ್ರು. ಮಿಲ್ಲು ಮುಚ್ಚಿದ ಮೇಲೆ ಮನೇಲೇ ಕೂತವ್ರೆ. ಈ ಕೆಲ್ಸ ಒಂದು ಸಿಕ್ಕಿಬಿಟ್ರೆ ಸಾಕುಂಗ, ಬೇರೆ ಏನೂ ವೇಣ್ಡಾಂ.”

“ಚೆನ್ನಾಗಿ ಆಡಪ್ಪ” ಅಂದೆ. ನಮ್ಮವನು ಎನ್ನುವ ಪ್ರೀತಿ ತೋರಿಸಬಾರದಲ್ಲ, ಅದಕ್ಕೆ ಮುಖ ಗಂಟು ಹಾಕಿಕೊಂಡೇ ಅಂದೆ.

ಅವನೇ ಮೊದಲು ಆಡಲು ಬಂದ. ಲೆಗ್ ಸ್ಟಂಪ್ ಕೇಳಿದ. ಬ್ಯಾಟು ಬಿಳಿ ಚುಕ್ಕೆಯ ಮೇಲಿತ್ತು. ನಾನು ಚುಕ್ಕೆ ನೋಡಿದೆ, ತಲೆಯಾಡಿಸಿದೆ. ಅವನು ಹಿಂದೆ ತಿರುಗಿ ಸ್ಟಂಪ್ ನೋಡಿದ, ಮತ್ತೆ ನನ್ನನ್ನು ನೋಡಿದ.

“ಕರೆಕ್ಟಾ ಸಾರ್? ಸ್ವಲ್ಪ ಹೊರಗಿರೋ ಹಾಗಿದೆ.”

ಆಯ್ಕೆ ಮಾಡುವವರು ನನ್ನ ಬೆನ್ನಿಗೇ ಕುಳಿತಿದ್ದರು. ಅವರೆದುರು ಒಬ್ಬ ಹೊಸಬ ನನ್ನನ್ನು ಪ್ರಶ್ನೆ ಮಾಡಿದ್ದು ನನಗೆ ಮೆಣಸಿನಕಾಯಿ ಕಡಿದಂತಾಯಿತು. “ಕರೆಕ್ಟೇ. ಗಾರ್ಡ್ ನಾನು ಕೊಡೋದೋ ನೀನೋ? ಆಡು” ಎಂದು ಗದರಿದೆ. ಅವನು ತಲೆ ತಗ್ಗಿಸಿ ನಿಂತುಕೊಂಡ.

ಎರಡನೆಯ ಚೆಂಡು. ಅವನು ಅದನ್ನು ಆಫ್ ಸ್ಟಂಪಿನ ಹೊರಗೆ ಹೋಗುತ್ತದೆ ಎಂದು ಬ್ಯಾಟೆತ್ತಿ ಬಿಟ್ಟ. ಚೆಂಡು ಆಫ್ ಸ್ಟಂಪಿಗೇ ಬಡಿಯಿತು. ಸ್ಟಂಪ್ ಮಲಗಿದ್ದನ್ನು ನೋಡಿ ಅವನು ಮೊದಲು ನೋಡಿದ್ದು ತನ್ನ ಕಾಲ ಬುಡದ ಚುಕ್ಕೆಯನ್ನು. ಆಮೇಲೆ ಹೊರಟ.

ಮುಂದಿನವನು ಬಂದು ಗಾರ್ಡ್ ಕೇಳಿದಾಗ ಯಾಕೋ ಈ ಸಲ ನನ್ನ ಕಣ್ಣು ಸ್ಟಂಪಿನ ಕಡೆ ಹೋಯಿತು. ಚುಕ್ಕೆ ಲೆಗ್ ಸ್ಟಂಪಿನಿಂದ ನಾಲ್ಕು ಬೆರಳು ಹೊರಗಿತ್ತು. ಬೆಳಿಗ್ಗೆ ಒದ್ದೆ ಮ್ಯಾಟನ್ನು ಎಳೆದು ಮೊಳೆ ಹೊಡೆಯುವಾಗ ಒಂದು ಪಕ್ಕಕ್ಕೆ ಸರಿದಿತ್ತು. ಸ್ಟಂಪು ಎಂದಿನ ತೂತಿನಲ್ಲೇ ಇತ್ತು. ಮುರುಗೇಶ ನಾಲ್ಕು ಬೆರಳು ತಪ್ಪಿ ನಿಂತಿದ್ದರಿಂದ ಅವನ ಲೆಕ್ಕದಲ್ಲಿ ಆ ಚೆಂಡು ಹೊರಗಿನದೇ. ಅವನು ಬಿಟ್ಟದ್ದು ಸರಿ. ತಪ್ಪು ನನ್ನದು.

ಅವನಿನ್ನೂ ಬೌಂಡರಿ ದಾಟಿರಲಿಲ್ಲ. ಕೂಗಬಹುದಿತ್ತು. ಔಟು ಔಟೇ ಆಗಿದ್ದರೂ ಆಯ್ಕೆಯವರಿಗೆ ನಡೆದದ್ದನ್ನು ಹೇಳಬಹುದಿತ್ತು. ನಾನು ಹೊಸ ಬ್ಯಾಟ್ಸ್‌ಮನ್‌ಗೆ ಕೈ ಆಡಿಸಿ, “ಇನ್ನೂ ಸ್ವಲ್ಪ ಆಫ್ ಕಡೆ… ಸರಿ” ಅಂದೆ, ಅಷ್ಟೇ. ನೀರು ಕುಡಿಯುವ ಬಿಡುವಿನಲ್ಲಿ ಆರುಮುಗಂ ಮೊಳೆ ಕಿತ್ತು ಮ್ಯಾಟ್ ಸರಿಮಾಡಿದರು. ನನ್ನ ಮುಖವನ್ನೊಮ್ಮೆ ನೋಡಿ ಹೊರಟುಹೋದರು. ಕೆಲಸ ಬೇರೆಯವನಿಗೆ ಸಿಕ್ಕಿತು. ಮುರುಗೇಶನನ್ನು ಆಮೇಲೆ ನಾನು ಯಾವ ಮೈದಾನದಲ್ಲೂ ನೋಡಲಿಲ್ಲ.

ಮೊದಲ ಗೆರೆ ಕಂಡದ್ದು ಮರುವರ್ಷ, ನಗರದ ಒಂದು ಹುಲ್ಲು ಪಿಚ್ಚಿನಲ್ಲಿ. ಟಾಸಿಗೆ ಮೊದಲು ಪಿಚ್ ನೋಡಲು ಹೋದೆ. ರಾತ್ರಿ ಬಿದ್ದ ಇಬ್ಬನಿ ಇನ್ನೂ ಆರಿರಲಿಲ್ಲ. ನನ್ನ ಹೆಜ್ಜೆಯ ಹೊರತು ಇನ್ನೊಂದು ಹೆಜ್ಜೆ ಇರಲಿಲ್ಲ. ಕ್ರೀಸಿನ ಮೇಲೆ, ಲೆಗ್ ಸ್ಟಂಪಿನಿಂದ ನಾಲ್ಕು ಬೆರಳು ಹೊರಗೆ, ಶೂ ಮೊಳೆಯಿಂದ ಗೀರಿದ ಒಂದು ಗೆರೆ. ಗೀರಿನಲ್ಲಿ ಹಸಿ ಮಣ್ಣು. ಹಿಂದಿನ ದಿನದ್ದಿರಬೇಕು ಎಂದು ಕಾಲಿನಲ್ಲಿ ಒರೆಸಿ ಬಂದೆ. ಹಿಂದಿನ ದಿನ ಅಲ್ಲಿ ಪಂದ್ಯವೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಎರಡನೆಯದು ನಮ್ಮ ಕಿಣತ್ತುಕಡವಿನ ಕಡೆಯ ಕೆಮ್ಮಣ್ಣಿನ ಪಿಚ್ಚಿನಲ್ಲಿ. ಅಲ್ಲಿ ಬೆಳಿಗ್ಗೆ ನೀರು ಚಿಮುಕಿಸಿ ರೋಲರ್ ಎಳೆಯುತ್ತಾರೆ. ನಾನು ಹೋದಾಗ ರೋಲರ್ ಆಗಷ್ಟೇ ಇಳಿದಿತ್ತು, ಮಣ್ಣೆಲ್ಲ ಕಪ್ಪಗೆ ಒದ್ದೆ. ಒಂದು ಗೇಣು ಉದ್ದದ ಗೆರೆ ಮಾತ್ರ ಒಣಗಿ ಕೆಂಪಗಿತ್ತು. ಅದೇ ಜಾಗ. ರೋಲರ್ ಎಳೆದವರನ್ನು ಕರೆದು ತೋರಿಸಿದೆ. ಅವರು ಇನ್ನೊಂದು ಚೊಂಬು ನೀರು ಸುರಿದರು. ಸುತ್ತಲಿನ ಮಣ್ಣು ಕುಡಿಯಿತು, ಗೆರೆ ಕುಡಿಯಲಿಲ್ಲ. “ಗಾಳಿ ಇಂಗೇ ಅಡಿಕ್ಕುದು ಸಾರ್, ಅದಾನ್” ಎಂದು ಅವರು ಅಲ್ಲಿ ಬೀಸುವ ಗಾಳಿಯ ಮೇಲೆ ಹಾಕಿದರು. ಹೇಳುವಾಗ ಅವರೂ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ಕಂಡೆ.

ಆಮೇಲೆ ವರ್ಷಕ್ಕೆ ಎರಡು ಸಲ, ಮೂರು ಸಲ. ಎಲ್ಲ ಕಡೆಯೂ ಅಲ್ಲ. ಯಾವ ದಿನ ಕಾಣುತ್ತದೆ ಎಂದು ಗೊತ್ತಿಲ್ಲದ್ದೇ ಹೆಚ್ಚು ಭಯ. ಪಿಚ್ ನೋಡಲು ಮೈದಾನದ ನಡುವಿಗೆ ನಡೆದು ಹೋಗುವ ಆ ಎಪ್ಪತ್ತು ಹೆಜ್ಜೆಯಲ್ಲಿ ನನ್ನ ಬಾಯಿ ಒಣಗುತ್ತಿತ್ತು. ಒರೆಸುವುದನ್ನು ಬಿಟ್ಟೆ. ಅಂಪೈರ್ ಕೋಟಿನ ಕಿಸೆಯಲ್ಲಿ ಗಿರಿಜಾ ಇಟ್ಟ ವಿಭೂತಿ ಪೊಟ್ಟಣ ಇರುತ್ತಿತ್ತು, ನಗಬೇಡಿ.

ನಿಜವಾಗಿ ನಡುಗಿದ್ದು ಪೋತ್ತನೂರಿನ ಸಿಮೆಂಟ್ ಪಿಚ್ಚಿನಲ್ಲಿ. ಬೆಳಿಗ್ಗೆ ಹೋದಾಗ ಚಾಕ್ ಗೆರೆ ಇತ್ತು, ಅದೇ ಜಾಗದಲ್ಲಿ. ನೀರು ತರಿಸಿ ತೊಳೆಸಿದೆ. ಬಿಸಿಲಿಗೆ ಸಿಮೆಂಟ್ ಆರಿದಂತೆ ಗೆರೆ ಮತ್ತೆ ಬೆಳ್ಳಗೆ ಮೂಡಿತು. ಚಾಕ್ ಅಂದರೆ ಹಾಗೇ ಅಲ್ಲವೇ ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡು ಪಂದ್ಯ ಶುರು ಮಾಡಿಸಿದೆ. ಬ್ಯಾಟ್ಸ್‌ಮನ್ ಲೆಗ್ ಸ್ಟಂಪ್ ಕೇಳಿದ. ಇಷ್ಟು ವರ್ಷದಿಂದ ನಾನು ಸ್ಟಂಪ್ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಅವತ್ತೂ ಮಂಡಿ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಸ್ಟಂಪನ್ನೇ ನೋಡಿ ಅವನನ್ನು ಸರಿಸಿದೆ. ಬ್ಯಾಟು ಸ್ಟಂಪಿಗೆ ನೇರವಾಗಿ ಕಂಡಿತು. “ಸರಿ” ಅಂದೆ.

ಸ್ಕ್ವೇರ್ ಲೆಗ್ಗಿನಲ್ಲಿದ್ದ ನನ್ನ ಜೊತೆಗಾರ ಸೆಬಾಸ್ಟಿಯನ್ ಕೈಯೆತ್ತಿ ಆಟ ನಿಲ್ಲಿಸಿ ನಡೆದು ಬಂದ. ಅವನು ಪಿಚ್ಚಿನವರೆಗೂ ಬಂದು ನೋಡಿ, ನನ್ನ ಕಿವಿಯಲ್ಲಿ ತಮಿಳಿನಲ್ಲಿ ಕೇಳಿದ:

“ಏನಣ್ಣ ಗಾರ್ಡ್ ಕೊಟ್ಟೆ ನೀನು? ಅವನು ಲೆಗ್ ಸ್ಟಂಪಿನಿಂದ ನಾಲ್ಕು ಬೆರಳು ಹೊರಗೆ ನಿಂತಿದ್ದಾನಲ್ಲ.”

ಹೋಗಿ ನೋಡಿದೆ. ಬ್ಯಾಟು ಆ ಚಾಕ್ ಗೆರೆಯ ಮೇಲೇ ಇತ್ತು. ಮತ್ತೆ ಬೌಲರ್ ತುದಿಗೆ ಬಂದು ನೋಡಿದರೆ ನನ್ನ ಕಣ್ಣಿಗೆ ಅದು ನೇರ. ಸೆಬಾಸ್ಟಿಯನ್ ನನ್ನ ಜಾಗದಲ್ಲಿ ನಿಂತು ಅವನಿಗೆ ಗಾರ್ಡ್ ಕೊಟ್ಟ. ಆ ದಿನವೆಲ್ಲ ನಾನು ಪ್ರತಿ ಬ್ಯಾಟ್ಸ್‌ಮನ್‌ಗೂ ಅವನನ್ನೇ ಕರೆದೆ. ಹಿಂದೆ ರೈಲು ಶಂಟಿಂಗ್ ಮಾಡುವ ಸದ್ದು, ಮುಂದೆ ಆ ಗೆರೆ. ನನ್ನ ಕಣ್ಣು ಇನ್ನು ನನ್ನ ಮಾತು ಕೇಳುವುದಿಲ್ಲ ಎಂದು ಗೊತ್ತಾದಾಗ ಆಗುವ ಹೆದರಿಕೆ ಇದೆಯಲ್ಲ, ಅದನ್ನು ಶತ್ರುವಿಗೂ ಬಯಸಲಾರೆ.

ಗಿರಿಜಾಗೆ ಎಲ್ಲ ಹೇಳಿದೆ, ಸಿಂಗಾನಲ್ಲೂರಿನದೂ ಸೇರಿಸಿ. ಆರು ವರ್ಷದಲ್ಲಿ ಮೊದಲ ಸಲ. ಅವಳು ವಿಭೂತಿ ಪೊಟ್ಟಣವನ್ನು ಕಿಸೆಯಿಂದ ತೆಗೆದು ದೇವರ ಗೂಡಿನಲ್ಲಿಟ್ಟಳು.

“ಇದುಕ್ಕೆ ವಿಭೂತಿ ಆಗಾಕಿಲ್ಲ. ಆ ಹುಡ್ಗ ಎಲ್ಲವ್ನೆ ವಿಚಾರ್ಸಿ. ಹೋಗಿ ಹೇಳ್ಬುಟ್ಟು ಬನ್ನಿ.”

ಆರುಮುಗಂ ಅವರಿಗೆ ಗೊತ್ತಿತ್ತು. ಮುರುಗೇಶ ತಿರುಪ್ಪೂರಿನಲ್ಲಿದ್ದ, ಒಂದು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಒಂದು ದಿನ ರಜೆ ಹಾಕಿ ಬಸ್ಸು ಹತ್ತಿದೆ.

ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರ ಹಾಸಿತ್ತು. ಮುರುಗೇಶ ಚಾಕ್ ಹಿಡಿದು ಅದರ ಮೇಲೆ ಗೆರೆ ಎಳೆಯುತ್ತಿದ್ದ. ದಪ್ಪಗಾಗಿದ್ದ, ಆದರೆ ಗುರುತು ಸಿಕ್ಕಿತು. ಅವನು ಗೆರೆ ಎಳೆದು ಕತ್ತರಿಸುವ ಯಂತ್ರ ಕೈಗೆತ್ತಿಕೊಳ್ಳದೆ, ಪಕ್ಕದ ಮೇಜಿನ ಹೆಂಗಸನ್ನು ಕರೆದ. “ಅಕ್ಕಾ, ನೇರಾ ಇರುಕ್ಕಾ ಪಾರುಂಗ.” ಅವರು ನೋಡಿ ಸರಿಯಿದೆ ಎಂದ ಮೇಲೆ ಕತ್ತರಿಸಿದ. ಮುಂದಿನ ಗೆರೆಗೂ ಕರೆದ. ಅದರ ಮುಂದಿನದಕ್ಕೂ. ಹೆಂಗಸು ನನ್ನ ಕಡೆ ತಿರುಗಿ, ಇವರು ಹಾಕೋ ಗೆರೆ ನೂಲು ಹಿಡಿದ ಹಾಗೆ ಇರುತ್ತೆ, ಆದರೂ ದಿನಕ್ಕೆ ನೂರು ಸಲ ಕರೀತಾರೆ ಎಂದು ನಕ್ಕರು.

ಮುರುಗೇಶ ನನ್ನನ್ನು ನೋಡಿ ಓಡಿ ಬಂದ. ಸ್ಟೂಲು ಒರೆಸಿ ಕೂರಿಸಿದ.

“ಬನ್ನೀಂಗ ಸಾರ್, ಬನ್ನೀಂಗ. ನಿಮ್ಮನ್ನ ಮರೀತೀನಾ? ನೀವು ಅವತ್ತು ಕರೆಕ್ಟೇ ಅಂತ ಹೇಳಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ಗಾರ್ಡ್ ತಪ್ಪು ಅಂತ ನಾನು ಸುಮ್ನೆ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ಗಾರ್ಡ್ ಸರಿ, ನನ್ನ ಕಣ್ಣೇ ಸರಿಯಿಲ್ಲ. ಆಫ್ ಸ್ಟಂಪ್ ಎಲ್ಲಿದೆ ಅಂತ ತಿಳೀದವ್ನು ಓಪನಿಂಗ್ ಹೇಗೆ ಆಡೋದು? ಅವತ್ತೇ ಬಿಟ್ಟುಬಿಟ್ಟೆ.”

ಹೇಳಬೇಕಾದ್ದು ಬಿಟ್ಟು ಬೇರೆಯದನ್ನು ಕೇಳಿದೆ. “ಆಮೇಲೆ ಮೈದಾನದ ಕಡೆ ಬಂದಿದ್ದೀಯಾ? ಪೋತ್ತನೂರಿಗೆ? ಕಿಣತ್ತುಕಡವಿಗೆ?”

“ಇಲ್ಲೀಂಗ ಸಾರ್. ಕಾಲೇ ಇಟ್ಟಿಲ್ಲ. ಕನಸಲ್ಲಿ ಮಾತ್ರ ಹೋಗ್ತೀನಿ.” ನಾಚಿಕೊಂಡ. “ಭಾನುವಾರ ಬೆಳಕು ಹರಿಯೋ ಹೊತ್ತಲ್ಲಿ ಬರುತ್ತೆ. ಒಂದೊಂದು ಸಲ ಒಂದೊಂದು ಗ್ರೌಂಡು. ಒಮ್ಮೆ ಹುಲ್ಲು, ಕಾಲೆಲ್ಲ ತಣ್ಣಗೆ. ಒಮ್ಮೆ ಕೆಮ್ಮಣ್ಣು, ಒಂದೇ ಗಾಳಿ. ಹೋದ ತಿಂಗಳು ಸಿಮೆಂಟು, ಪಕ್ಕದಲ್ಲೇ ರೈಲು ಹಿಂದೆ ಮುಂದೆ ಹೋಗೋ ಸದ್ದು. ನೀವು ಆ ಕಡೆ ನಿಂತಿರ್ತೀರಿ. ನೀವು ಹೇಳಿದ ಜಾಗಕ್ಕೇ ಗೆರೆ ಹಾಕ್ತೀನಿ. ಬಾಲ್ ಬರೋಕೆ ಮುಂಚೆ ಎಚ್ಚರ ಆಗಿಬಿಡುತ್ತೆ.”

ಫ್ಯಾನಿನ ಕೆಳಗೆ ಕೂತಿದ್ದ ನನ್ನ ಬೆನ್ನಿನಲ್ಲಿ ಬೆವರು ಇಳಿಯಿತು. ಇನ್ನು ತಡೆಯಲಾಗಲಿಲ್ಲ. ಮ್ಯಾಟ್ ಸರಿದದ್ದು, ನಾನು ಸ್ಟಂಪ್ ನೋಡದೆ ಚುಕ್ಕೆ ನೋಡಿದ್ದು, ಅವನು ಬೌಂಡರಿ ದಾಟುವ ಮೊದಲೇ ನನಗೆ ಗೊತ್ತಾದದ್ದು, ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡದ್ದು, ಎಲ್ಲ ಹೇಳಿದೆ.

ಅವನು ಕೈಯ ಚಾಕನ್ನು ಮೇಜಿನ ಮೇಲಿಟ್ಟ. ಆಮೇಲೆ ಕೇಳಿದ:

“ಎಷ್ಟು?”

“ನಾಲ್ಕು ಬೆರಳು.”

“ಯಾವ ಕಡೆ?”

“ಲೆಗ್ ಕಡೆ, ಹೊರಕ್ಕೆ. ನೀನು ಬಾಲ್ ಬಿಟ್ಟದ್ದು ಸರಿ ಮುರುಗೇಶ. ನಿನ್ನ ಕಣ್ಣು ಸರಿಯಿತ್ತು.”

ಅವನು ತನ್ನ ನಾಲ್ಕು ಬೆರಳನ್ನು ಬಟ್ಟೆಯ ಮೇಲಿಟ್ಟು ನೋಡಿದ.

“ಆರು ವರ್ಷ ಸಾರ್. ಅಪ್ಪ ಹೋಗೋವರೆಗೂ ಹೇಳ್ತಿದ್ರು, ಕಣ್ಣು ತೆರೆದು ಆಡೋಕೆ ಬರದವನು ಅಂತ.” ನನ್ನ ಮುಖ ನೋಡದೆ ಅಂದ, “ನೀವು ಹೊರಡೀಂಗ.”

ಎದ್ದೆ. ಕ್ಷಮಿಸು ಅನ್ನುವ ಮಾತು ಬಾಯಿಗೆ ಬಂದಿತ್ತು, ಹೇಳಲು ಮುಖವಿರಲಿಲ್ಲ. ಬಾಗಿಲಲ್ಲಿ ಒಮ್ಮೆ ತಿರುಗಿದೆ. ಅವನು ಹೊಸ ಗೆರೆ ಎಳೆದಿದ್ದ. ಪಕ್ಕದ ಹೆಂಗಸು ಅಭ್ಯಾಸಬಲದಿಂದ ನೋಡಲು ಬಂದರು. ಅವನು ಬೇಡವೆಂದು ಕೈಸನ್ನೆ ಮಾಡಿ, ತಾನೇ ಬಗ್ಗಿ ಒಂದು ಸಲ ನೋಡಿ, ಯಂತ್ರ ಹಚ್ಚಿ ಕತ್ತರಿಸಿದ.

ಮುಂದಿನ ಭಾನುವಾರ ನನಗೆ ಹುಲ್ಲು ಪಿಚ್ಚಿನ ಪಂದ್ಯವಿತ್ತು. ಸೆಬಾಸ್ಟಿಯನ್ ಸ್ಟಂಪ್ ನೆಟ್ಟು ಬೇಲ್ ತರಲು ಹೋಗಿದ್ದ. ಕ್ರೀಸಿನ ಹತ್ತಿರ ಹೋದೆ. ಗೆರೆ ಇತ್ತು, ಹಸಿಯಾಗಿ, ಈಗಷ್ಟೇ ಗೀರಿದಂತೆ. ಸ್ಟಂಪಿನಿಂದ ಎಷ್ಟು ಹೊರಗಿದೆ ಎಂದು ಅಳೆಯಲು ಅಭ್ಯಾಸದಂತೆ ಬೆರಳಿಟ್ಟೆ. ಬೆರಳಿಡಲು ಜಾಗವಿರಲಿಲ್ಲ. ಗೆರೆ ಲೆಗ್ ಸ್ಟಂಪಿಗೆ ನೇರವಾಗಿತ್ತು. ನನ್ನ ಕಣ್ಣನ್ನು ನಂಬದೆ ಸೆಬಾಸ್ಟಿಯನ್‌ನನ್ನು ಕೂಗಿ ಕರೆದು ತೋರಿಸಿದೆ. “ಕರೆಕ್ಟಾಗಿ ಇದೆಯಲ್ಲಣ್ಣ, ಯಾರು ಹಾಕಿದ್ದು?” ಅಂದ.

ನಾನು ಬೌಲರ್ ತುದಿಗೆ ನಡೆದೆ. ಸ್ಟಂಪಿನ ಹಿಂದೆ ಬಗ್ಗಿ ನಿಂತೆ. ಎದುರಿಗೆ ಕ್ರೀಸ್ ಖಾಲಿ. ಸೆಬಾಸ್ಟಿಯನ್ ಬೆರಗಾಗಿ ನೋಡುತ್ತಿದ್ದ. ಆರು ವರ್ಷದ ಹಿಂದೆ ಕೊಡಬೇಕಾಗಿದ್ದ ಗಾರ್ಡನ್ನು ಗಟ್ಟಿಯಾಗಿ, ಕೇಳುವಂತೆ ಕೊಟ್ಟೆ.

“ಲೆಗ್ ಸ್ಟಂಪ್. ಸರಿಯಾಗಿದೆ ಮುರುಗೇಶ. ಆಡು.”